ಬಿದ್ದಿದ್ದಾ, ಹೊಡೆದಿದ್ದಾ?

(ಹಾಸನದಲ್ಲಿ ವಕೀಲರು, ಪೊಲೀಸರು, ಕಾಲೇಜು ಹುಡುಗರು, ಒಂದಷ್ಟು ತೋಟದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ ಪ್ರಸಂಗಗಳಿಂದ ಊರು, ಹೆಸರು, ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇನೆ.)

ಶವಾಗಾರದ ಹೊರಗೆ ಒಂದು ಮರ ಇದ್ದೇ ಇರುತ್ತದೆ. ನಾನು ಕೆಲಸ ಮಾಡಿದ ಕಡೆಯೆಲ್ಲ ನೋಡಿದ್ದೇನೆ. ಮರದ ಬುಡದಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತ ಹೆಂಗಸರು, ಕಾಂಪೌಂಡಿನ ಹತ್ತಿರ ಆಂಬುಲೆನ್ಸಿನವನ ಜೊತೆ ಬಾಡಿಗೆ ಮಾತಾಡುತ್ತಿರುವ ಗಂಡಸರು, ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ನಿಂತ ಹೆಡ್ ಕಾನ್‌ಸ್ಟೆಬಲ್. ಪೋಸ್ಟ್‌ಮಾರ್ಟಂ ಮುಗಿಸಿ ನಾನು ಕೈ ತೊಳೆದು ಹೊರಗೆ ಬಂದರೆ ಮೂರೂ ಕಡೆಯವರು ಕೇಳುವುದು ಒಂದೇ ಮಾತು: “ಸಾರ್, ಬಿದ್ದಿದ್ದಾ? ಹೊಡೆದಿದ್ದಾ?”

ಚಾಕು ಇರಿತಕ್ಕೆ ಈ ಪ್ರಶ್ನೆ ಬರುವುದಿಲ್ಲ. ನೇಣಿಗೆ ಬೇರೆ ಪ್ರಶ್ನೆ, ವಿಷಕ್ಕೆ ಬೇರೆ. ತಲೆಪೆಟ್ಟಿಗೆ ಮಾತ್ರ ಇದು ಅಂಟಿಕೊಂಡು ಬರುತ್ತದೆ. ಕುಡಿದವನು, ವಯಸ್ಸಾದವರು, ಬೈಕಿನವನು, ಎಲ್ಲರೂ ಬೀಳುವುದು ತಲೆಯ ಮೇಲೆ. ದೊಣ್ಣೆ ಎತ್ತಿದವನು ಹೊಡೆಯುವುದೂ ತಲೆಗೇ. ಸಾಲದ್ದಕ್ಕೆ ಹೊಡೆಸಿಕೊಂಡವನೂ ಕೊನೆಗೆ ಬೀಳುತ್ತಾನೆ. ಕಾಗದದಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. ಬಿದ್ದು ಸತ್ತರೆ ಅದು ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಹಳಬರು ಇನ್ನೂ 174 ಅಂತಲೇ ಅನ್ನುತ್ತಾರೆ. ಹೊಡೆದು ಸತ್ತರೆ ನ್ಯಾಯ ಸಂಹಿತೆಯ 103, ಅಂದರೆ ಕೊಲೆ ಆಗಬಹುದು, 105, ಅಂದರೆ ಕೊಲೆಯಲ್ಲದ ನರಹತ್ಯೆ ಆಗಬಹುದು. 2024ರ ಜುಲೈ 1ಕ್ಕೆ ಕಲಮುಗಳ ನಂಬರು ಬದಲಾಯಿತು. ತಲೆಬುರುಡೆ ಹಾಗೇ ಇದೆ.

ಈ ಪ್ರಶ್ನೆಗೆ ಉತ್ತರ ಕೊಡುವವನು ಡಾಕ್ಟರು ಅಂತ ನೀವೆಲ್ಲ ತಿಳಿದಿದ್ದೀರಿ. ಅರ್ಧ ಉತ್ತರ ನನ್ನ ಹತ್ತಿರ ಬರುವ ಮೊದಲೇ ಉಳಿದಿರುತ್ತದೆ ಅಥವಾ ಅಳಿಸಿಹೋಗಿರುತ್ತದೆ. ಅಳಿಸುವವರು ಯಾರೂ ಕೆಟ್ಟವರಲ್ಲ. ನೀವು, ನಾವು, ಪಕ್ಕದ ಮನೆಯವರು. ಇವತ್ತಿನ ಮಾತು ಮುಖ್ಯವಾಗಿ ಅದರ ಬಗ್ಗೆ.

ಮೊದಲು ವಕೀಲ ಮಿತ್ರರ ಒಂದು ಮಾಮೂಲಿ ಪ್ರಶ್ನೆ ಮುಗಿಸಿಬಿಡುತ್ತೇನೆ. ಪಾಟಿ ಸವಾಲಿನಲ್ಲಿ ಕೇಳುತ್ತಾರೆ: “ಡಾಕ್ಟ್ರೇ, ನಿಂತ ನಿಲುವಿನಲ್ಲಿ ಬಿದ್ದರೆ ಯಾರಾದರೂ ಸಾಯ್ತಾರಾ?” ಸಾಯುತ್ತಾರೆ ಸ್ವಾಮಿ. ಐದೂವರೆ ಅಡಿ ಮನುಷ್ಯ ಕೈ ಊರದೆ, ಮಂಡಿ ಮಡಿಸದೆ, ಕಡಿದ ಮರದ ಹಾಗೆ ಹಿಂದಕ್ಕೆ ಬಿದ್ದರೆ ಅವನ ತಲೆ ನೆಲ ಮುಟ್ಟುವಾಗ ಗಂಟೆಗೆ 20 ಕಿಲೋಮೀಟರಿಗೂ ಹೆಚ್ಚಿನ ವೇಗ ಇರುತ್ತದೆ. ಕೆಳಗಿರುವುದು ಗದ್ದೆಯ ಮಣ್ಣಾದರೆ ಬದುಕಿಕೊಂಡ. ಸಿಮೆಂಟು, ಚಪ್ಪಡಿ, ಬಸ್ ಸ್ಟ್ಯಾಂಡಿನ ಕಟ್ಟೆಯ ಅಂಚಾದರೆ ಅಷ್ಟೇ ಸಾಕು. ನಾವು ಎಡವಿದಾಗ ಕೈ ತಾನಾಗಿ ಮುಂದೆ ಬರುತ್ತದಲ್ಲ, ಕುಡಿದವನಿಗೆ, ಪ್ರಜ್ಞೆ ತಪ್ಪಿದವನಿಗೆ ಆ ಕೈ ಬರುವುದಿಲ್ಲ. ಹಾಗಾಗಿ ಅಂಗೈಯಲ್ಲಿ ತರಚು ಇದೆಯೇ ಅಂತ ನಾನು ತಲೆಗಿಂತ ಮೊದಲು ನೋಡುತ್ತೇನೆ.

ಈಗ ತಲೆಗೆ ಬರೋಣ. ಹೊರಗಿನಿಂದ ಒಳಗೆ.

ನೆತ್ತಿಯ ಚರ್ಮ ನಮ್ಮ ಮೈಯಲ್ಲೇ ದೊಡ್ಡ ಮೋಸಗಾರ. ಕೆಳಗೆ ಮಾಂಸದ ಮೆತ್ತೆ ಇಲ್ಲ, ನೇರ ಮೂಳೆ. ದೊಣ್ಣೆಯಿಂದ ಹೊಡೆದರೆ ಚರ್ಮ ದೊಣ್ಣೆಗೂ ಮೂಳೆಗೂ ನಡುವೆ ಸಿಕ್ಕಿ ಸೀಳುತ್ತದೆ. ಆ ಸೀಳು ಎಷ್ಟು ನೇರವಾಗಿರುತ್ತದೆಂದರೆ ಮಚ್ಚಿನಲ್ಲಿ ಕಚ್ಚು ಹಾಕಿದ ಹಾಗೇ ಕಾಣುತ್ತದೆ. “ಹರಿತವಾದ ಆಯುಧದಿಂದ ಹಲ್ಲೆ” ಅಂತ ದೂರು ಬರೆದಾಗಿರುತ್ತದೆ, ಸಾಕ್ಷಿಗಳು ಮಚ್ಚು ನೋಡಿದೆವು ಅಂತ ಹೇಳಿಯೂ ಆಗಿರುತ್ತದೆ. ಭೂತಗನ್ನಡಿ ಹಿಡಿದು ಗಾಯದ ತುಟಿ ಎರಡೂ ಬಿಡಿಸಿ ನೋಡಿದರೆ ಒಳಗೆ ಬೇರೆ ಕತೆ. ಮಚ್ಚಾದರೆ ಆಳದವರೆಗೂ ಎಲ್ಲ ಕತ್ತರಿಸಿರುತ್ತದೆ, ದಾರಿಯಲ್ಲಿದ್ದ ಕೂದಲೂ ತುಂಡಾಗಿರುತ್ತದೆ. ದೊಣ್ಣೆಯಾದರೆ ಗಾಯದ ಈ ದಡದಿಂದ ಆ ದಡಕ್ಕೆ ಸಣ್ಣ ಸಣ್ಣ ಎಳೆಗಳು, ನರ, ರಕ್ತನಾಳ, ನಾರು, ಸೇತುವೆಯಂತೆ ಹಾದಿರುತ್ತವೆ. ಕೂದಲು ತುಂಡಾಗದೆ ಜಜ್ಜಿ ಗಾಯದೊಳಗೆ ಸಿಕ್ಕಿಕೊಂಡಿರುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಅಗಲದ ತರಚು. ಒಂದು ಬದಿಯ ಚರ್ಮ ಮೂಳೆಯಿಂದ ಹೆಚ್ಚು ಕಿತ್ತಿದ್ದರೆ ಏಟು ಯಾವ ಕಡೆಯಿಂದ ಬಂತು ಅನ್ನುವುದಕ್ಕೂ ಸುಳಿವು. ಕೆಲವು ಸಲ ಗಾಯದ ಒಳಗೆ ಕಲ್ಲಿನ ಪುಡಿ, ತುಕ್ಕಿನ ಚೂರು, ಒಮ್ಮೆ ಸಿಲ್ವರ್ ಮರದ ತೊಗಟೆಯ ಚೂರು ಸಿಕ್ಕಿತ್ತು. ಆ ಒಂದು ಚೂರು ಇಡೀ ಕೇಸಿನ ದಿಕ್ಕು ಬದಲಿಸಿತು. ಹೊಡೆದರು ಅಂತ ಇಬ್ಬರ ಮೇಲೆ ದೂರಿತ್ತು. ಅವನು ಬಿದ್ದದ್ದು ಮರದ ಬುಡಕ್ಕೆ.

ಇದೆಲ್ಲ ಇರಬೇಕಾದರೆ ಗಾಯ ಇದ್ದ ಹಾಗೆ ಇರಬೇಕು. ಆದರೆ ಏನಾಗುತ್ತದೆ? ಆಸ್ಪತ್ರೆಯಲ್ಲಿ ಕೂದಲು ಬೋಳಿಸಿ, ಗಾಯ ತೊಳೆದು, ಹೊಲಿಗೆ ಹಾಕುತ್ತಾರೆ. ಜೀವ ಉಳಿಸುವವರು ಹಾಗೆ ಮಾಡಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಹೊಲಿಯುವ ಮುಂಚೆ ಎರಡು ಸಾಲು ಬರೆದರೆ, ಅಳತೆಪಟ್ಟಿ ಪಕ್ಕಕ್ಕಿಟ್ಟು ಒಂದು ಫೋಟೊ ತೆಗೆದರೆ ಅರ್ಧ ನಿಮಿಷ. ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಪೊಲೀಸ್ ಕೇಸಾಗುವ ಗಾಯಗಳನ್ನು ಆಸ್ಪತ್ರೆಯವರು ಬರೆದಿಡುವ ಪುಸ್ತಕದಲ್ಲಿ, “ತಲೆಯ ಮೇಲೆ ಗಾಯ, ಹೊಲಿಗೆ ಹಾಕಿದೆ” ಅಂತಷ್ಟೇ ಇದ್ದರೆ ಎರಡು ವರ್ಷದ ನಂತರ ಕಟಕಟೆಯಲ್ಲಿ ನಿಂತು ನಾನು ಏನು ಹೇಳಲಿ? ಮನೆಯಲ್ಲೇ ಸತ್ತವರಾದರೆ ಇನ್ನೊಂದು. ಮುಖ ತೊಳೆದು, ರಕ್ತ ಒರೆಸಿ, ಅರಿಶಿನ ಮೆತ್ತಿ, ಬಟ್ಟೆ ಬದಲಿಸಿ ತರುತ್ತಾರೆ. ಪ್ರೀತಿಯಿಂದ ಮಾಡಿದ್ದು, ಬೈಯಲು ಬಾಯಿ ಬರುವುದಿಲ್ಲ. ಆದರೂ ಕೇಳಿಕೊಳ್ಳುತ್ತೇನೆ, ಆ ಅಂಗಿಯನ್ನಾದರೂ ತೊಳೆಯಬೇಡಿ.

ಹೊರಗೆ ಏನೂ ಗಾಯ ಇಲ್ಲದೆ ಬರುವವರೂ ಇದ್ದಾರೆ. ಪಂಚನಾಮೆಯಲ್ಲಿ “ಮೈಮೇಲೆ ಯಾವ ಗಾಯವೂ ಕಂಡುಬರುವುದಿಲ್ಲ” ಅಂತ ಇರುತ್ತದೆ. ಒತ್ತು ಕೂದಲಿದ್ದರೆ, ತಲೆಗೆ ಟವೆಲ್ ಸುತ್ತಿಕೊಂಡಿದ್ದರೆ, ಹೊಡೆದ ವಸ್ತು ಮೆತ್ತಗೆ ಅಗಲವಾಗಿದ್ದರೆ ಚರ್ಮ ಸೀಳುವುದಿಲ್ಲ. ಚರ್ಮವನ್ನು ಬಿಡಿಸಿ ಒಳಮೈ ನೋಡಿದಾಗಲೇ ಕಪ್ಪು ಕೆಂಪಾಗಿ ರಕ್ತ ಹಬ್ಬಿರುವುದು ಕಾಣುವುದು. ಇನ್ನು ಕಣ್ಣು ಕಪ್ಪಾಗಿದ್ದರೆ ಮುಖಕ್ಕೆ ಗುದ್ದಿದ್ದಾರೆ ಅಂತ ಮನೆಯವರು ಹಟ ಹಿಡಿಯುತ್ತಾರೆ. ಗುದ್ದಿರಬಹುದು. ಹಣೆಯ ಪೆಟ್ಟಿನ ರಕ್ತ ನಿಧಾನಕ್ಕೆ ಇಳಿದು ರೆಪ್ಪೆಯಲ್ಲಿ ನಿಂತಿರಲೂಬಹುದು. ತಲೆಯ ಹಿಂಭಾಗಕ್ಕೆ ಬಿದ್ದು, ಕಣ್ಣಿನ ಗೂಡಿನ ಮೇಲ್ಛಾವಣಿಯ ತೆಳ್ಳನೆ ಮೂಳೆ ಒಳಗಿಂದ ಒಡೆದು, ಎರಡೂ ಕಣ್ಣು ಕಪ್ಪಾಗಲೂಬಹುದು. ಕಿವಿಯ ಹಿಂದೆ ಕಪ್ಪಾಗಿದ್ದರೂ ಹಾಗೇ, ಅಲ್ಲಿಗೆ ಯಾರೂ ಹೊಡೆದಿರಬೇಕಾಗಿಲ್ಲ, ಬುರುಡೆಯ ತಳ ಬಿರುಕು ಬಿಟ್ಟಿದ್ದರೆ ಸಾಕು.

ಬುರುಡೆ ಅಂದಾಗ ಒಂದು ವಿಷಯ ನೆನಪಾಯಿತು. ಬ್ರಹ್ಮ ಹಣೆಯಲ್ಲಿ ಬರೆದಿದ್ದಾನೆ ಅನ್ನುತ್ತಾರಲ್ಲ, ಆ ಬರಹ ನಾನು ದಿನಾ ನೋಡುತ್ತೇನೆ. ಬುರುಡೆಯ ಮೂಳೆಗಳು ಒಂದಕ್ಕೊಂದು ಕೂಡುವ ಸಂದುಗಳು ಅಂಕುಡೊಂಕಾಗಿ, ಯಾವುದೋ ಹಳೆಯ ಶಾಸನದ ಅಕ್ಷರದ ಹಾಗೆ ಕಾಣುತ್ತವೆ. ಹಳಬರು ಅದನ್ನೇ ನೋಡಿ ಬ್ರಹ್ಮಲಿಪಿ ಅಂದಿರಬೇಕು. ಹಣೆಯ ನಡುವಿನ ಸಂದು ಮಗುವಿನಲ್ಲೇ ಕೂಡಿಕೊಂಡು ಮಾಯವಾಗಬೇಕು. ಕೆಲವರಲ್ಲಿ ಮಾತ್ರ ಸಾಯುವವರೆಗೂ ಹಾಗೇ ಉಳಿಯುತ್ತದೆ. ಹೊಸ ವಿದ್ಯಾರ್ಥಿಗಳು ಅದನ್ನು ಕಂಡು “ಸಾರ್, ಬಿರುಕು!” ಅಂತ ಕೂಗುತ್ತಾರೆ. ನಾನೂ ಕೂಗಿದ್ದೆ. ಸಂದು ಹಲ್ಲು ಹಲ್ಲಾಗಿರುತ್ತದೆ, ಬಿರುಕು ನೇರ, ಅಂಚು ಚೂಪು, ಅದರಲ್ಲಿ ರಕ್ತ ಇಂಗಿರುತ್ತದೆ, ಒರೆಸಿದರೂ ಹೋಗುವುದಿಲ್ಲ. ಆಗ ನನಗೆ ಇದನ್ನು ಕಲಿಸಿದ್ದು ಪ್ರೊಫೆಸರಲ್ಲ, ಮೂವತ್ತು ವರ್ಷ ಶವಾಗಾರದಲ್ಲೇ ಕಳೆದಿದ್ದ ಸಹಾಯಕ.

ಬಿರುಕುಗಳಿಗೂ ಓದುವ ಕ್ರಮ ಇದೆ. ನೇರ ಬಿರುಕು ಅಗಲವಾದ ಜಾಗಕ್ಕೆ ತಾಗಿದ್ದನ್ನು ಹೇಳುತ್ತದೆ: ನೆಲ, ಗೋಡೆ, ಹಲಗೆ. ಸಣ್ಣ ಮುಖದ, ಭಾರದ ವಸ್ತು, ಸುತ್ತಿಗೆಯಂಥದ್ದು, ಮೂಳೆಯನ್ನು ತನ್ನ ಆಕಾರದಲ್ಲೇ ಒಳಕ್ಕೆ ಒತ್ತುತ್ತದೆ. ಅಂಥ ಗುಳಿಯನ್ನು ಆಯುಧದ ರುಜು ಅಂತ ಕರೆಯುವುದುಂಟು. ವಶಪಡಿಸಿಕೊಂಡ ಸುತ್ತಿಗೆ ತಂದು ಗುಳಿಯ ಮೇಲಿಟ್ಟರೆ ಪೆಟ್ಟಿಗೆಗೆ ಮುಚ್ಚಳ ಕೂತ ಹಾಗೆ ಕೂರುತ್ತದೆ. ಪತ್ರಿಕೆಗಳಲ್ಲಿ “ತಲೆ ಮೇಲೆ ಕಲ್ಲು ಎತ್ತಿ ಹಾಕಿ ಕೊಲೆ” ಅಂತ ಓದುತ್ತೀರಲ್ಲ, ಅಲ್ಲಿ ತಲೆ ಕೆಳಗಿನ ನೆಲಕ್ಕೂ ಮೇಲಿನ ಕಲ್ಲಿಗೂ ನಡುವೆ ಸಿಕ್ಕಿ ಹತ್ತಾರು ಚೂರಾಗಿರುತ್ತದೆ; ಆ ಚೂರುಗಳನ್ನು ಕೂಡಿಸಿಕೊಂಡು ಕೂರುವುದೇ ಒಂದು ದಿನದ ಕೆಲಸ. ಎರಡು ಏಟು ಬಿದ್ದಿದ್ದರೆ ಮೊದಲು ಯಾವುದು? ಎರಡನೆಯ ಏಟಿನ ಬಿರುಕು ಹಬ್ಬುತ್ತಾ ಬಂದು ಮೊದಲನೆಯ ಬಿರುಕಿನ ಹತ್ತಿರ ನಿಂತುಬಿಡುತ್ತದೆ, ಒಡೆದ ಗಾಜಿನಲ್ಲಿ ನೀವೇ ನೋಡಬಹುದು. ಜರ್ಮನಿಯ ಪುಪ್ಪೆ ಅನ್ನುವವರು ಹೇಳಿದ ನಿಯಮ ಅದು. ಬಿದ್ದವನಿಗೆ ಸಾಮಾನ್ಯವಾಗಿ ಒಂದು ಏಟಿನ ಗುರುತು. ಬೇರೆ ಬೇರೆ ಮಗ್ಗುಲಲ್ಲಿ ಮೂರು ಇದ್ದರೆ “ಜಾರಿ ಬಿದ್ದ” ಅನ್ನುವ ಕತೆ ನಿಲ್ಲುವುದು ಕಷ್ಟ. ಮೆಟ್ಟಿಲ ಮೇಲಿಂದ ಉರುಳಿದ್ದರೆ ಆ ಮಾತು ಬೇರೆ.

ಪೇಟದ ಅಂಚಿನ ಲೆಕ್ಕ ಅಂತ ಇನ್ನೊಂದಿದೆ. ಇಂಗ್ಲಿಷ್ ಪುಸ್ತಕದಲ್ಲಿ ಹ್ಯಾಟು, ನಾವು ಪೇಟ ಅಂತಿಟ್ಟುಕೊಳ್ಳೋಣ. ಸಮತಟ್ಟು ನೆಲದಲ್ಲಿ ಬಿದ್ದವನಿಗೆ ಪೆಟ್ಟು ಪೇಟ ಸುತ್ತುವ ಸುತ್ತಳತೆಯಲ್ಲಿ ತಾಗುತ್ತದೆ. ಅದಕ್ಕಿಂತ ಮೇಲೆ, ನಡುನೆತ್ತಿಯಲ್ಲಿ ಗಾಯವಿದ್ದರೆ ಮೇಲಿಂದ ಬಂದ ಏಟು ಅಂತ ಅನುಮಾನ ಪಡಬೇಕು. ಚೆನ್ನಾಗಿದೆ, ಆದರೆ ಇದನ್ನೊಂದನ್ನೇ ನಂಬಿ ಯಾರನ್ನೂ ಜೈಲಿಗೆ ಕಳಿಸಬಾರದು. ತೆಂಗಿನಕಾಯಿ ಬಿದ್ದವನಿಗೂ ಗಾಯ ನಡುನೆತ್ತಿಯಲ್ಲೇ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ: 20 ಮೀಟರ್ ಎತ್ತರದ ಮರದಿಂದ ಕಳಚಿದ ಕಾಯಿ ಕೆಳಗೆ ಬರುವಷ್ಟರಲ್ಲಿ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿರುತ್ತದೆ.

ಸಕಲೇಶಪುರದ ಕಡೆಯಿಂದ ಬರುವ ಹೆಣಗಳದ್ದು ಬೇರೆ ಲೆಕ್ಕ. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವುದು, ಬೇಸಿಗೆ ಹತ್ತಿರ ಬರುವಾಗ ಮೆಣಸಿನ ಕೊಯ್ಲು. ಏಣಿ ಜಾರುತ್ತದೆ, ಕೊಂಬೆ ಮುರಿಯುತ್ತದೆ. ಮೂವತ್ತು ನಲವತ್ತಡಿಯಿಂದ ಬಿದ್ದವನ ತಲೆಯಲ್ಲಿ ಕೆಲವೊಮ್ಮೆ ಒಂದು ಗೀರೂ ಇರುವುದಿಲ್ಲ. ಜೊತೆಗಿದ್ದವರು “ಕಾಲೂರಿಕೊಂಡೇ ಬಿದ್ದ ಸಾ, ತಲೆಗೆ ಏನೂ ಆಗಿಲ್ಲ” ಅಂತಾರೆ. ಅದು ನಿಜವೇ. ಕಾಲಿಗೋ ಕುಂಡಿಗೋ ಬಿದ್ದ ರಭಸ ಬೆನ್ನುಮೂಳೆಯ ಕಂಬದ ಮೂಲಕ ಮೇಲಕ್ಕೆ ಬಂದು, ಬುರುಡೆಯ ತಳದಲ್ಲಿ ಬೆನ್ನುಹುರಿ ಇಳಿಯುವ ತೂತಿನ ಸುತ್ತ ಬಳೆಯ ಹಾಗೆ ಮೂಳೆಯನ್ನು ಒಡೆಯುತ್ತದೆ. ತಲೆಯ ಮೇಲೆ ಗಾಯವಿಲ್ಲದೆ ಒಳಗೆ ಆ ಬಳೆ ಕಂಡರೆ ನಾನು ಮೊದಲು ಯೋಚಿಸುವುದು ಎತ್ತರದಿಂದ ಬಿದ್ದದ್ದನ್ನೇ. ಹಿಮ್ಮಡಿ, ಸೊಂಟ, ಬೆನ್ನುಮೂಳೆ ನೋಡಿದರೆ ಅಲ್ಲೂ ಮುರಿತ ಇರುತ್ತದೆ. ಇದನ್ನು ಸರಿಯಾಗಿ ಬರೆಯುವುದಕ್ಕೆ ಒಂದು ದುಡ್ಡಿನ ಕಾರಣವೂ ಇದೆ. “ಕೆಲಸದ ಮೇಲೆ ಬಿದ್ದಿದ್ದಲ್ಲ, ರಾತ್ರಿ ಕುಡಿದು ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಹತ್ತಿರ ಬಿದ್ದಿದ್ದು” ಅಂತ ಯಾರೋ ಹೇಳಿದರೆ ಕಾರ್ಮಿಕ ಪರಿಹಾರದ ಕಾನೂನಿನಲ್ಲಿ ಹೆಂಡತಿ ಮಕ್ಕಳಿಗೆ ಬರಬೇಕಾದದ್ದು ತಪ್ಪಿಹೋಗುತ್ತದೆ. ಲೈನ್ ಮನೆಯ ಅಂಗಳದಲ್ಲಿ ಜಾರಿ ಬಿದ್ದವನಿಗೆ ಆ ಬಳೆ ಬರುವುದಿಲ್ಲ.

ಈಗ ಮಿದುಳು. ನನ್ನ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ, ಹೀಗೆ ಹೇಳಿದರೆ ಮನೆಯಲ್ಲಿ ಬೈಯುತ್ತಾರೆ.

ದೊಡ್ಡವರ ಮಿದುಳು 1300ರಿಂದ 1400 ಗ್ರಾಂ. ಮೆತ್ತಗೆ, ಗಡಿಗೆಯಲ್ಲಿ ಹೆಪ್ಪಾದ ಮೊಸರಿನ ಹಾಗೆ. ಸುತ್ತ ಒಂದಿಷ್ಟು ನೀರು. ನಿಂತಿರುವ ಗಡಿಗೆಗೆ ಸೌಟಿನಿಂದ ಕುಟ್ಟಿದರೆ ಕುಟ್ಟಿದ ಜಾಗದ ಮೊಸರು ಒಡೆಯುತ್ತದೆ. ತಲೆಯೂ ಹಾಗೇ: ನಿಂತಿರುವವನ ತಲೆಗೆ ದೊಣ್ಣೆ ಬಂದು ಬಡಿದರೆ ಏಟಿನ ಕೆಳಗೇ ಮಿದುಳು ಜಜ್ಜಿರುತ್ತದೆ. ಆದರೆ ತಲೆಯೇ ಓಡಿ ಬಂದು ನೆಲಕ್ಕೆ ಬಡಿದರೆ? ಹಿಂದಲೆ ನೆಲಕ್ಕೆ ಬಡಿದವನ ಮಿದುಳಿನಲ್ಲಿ ಹಿಂಭಾಗ ಬಹುಪಾಲು ಚೆನ್ನಾಗಿರುತ್ತದೆ, ಹಣೆಯ ಹಿಂದಿನ ತುದಿ, ಕಪಾಲದ ಎರಡೂ ಪಕ್ಕದ ತುದಿ ಜಜ್ಜಿಹೋಗಿರುತ್ತದೆ. ಏಟು ಹಿಂದೆ, ಗಾಯ ಮುಂದೆ. ಇದು ಯಾಕೆ ಹೀಗೆ ಅನ್ನುವುದಕ್ಕೆ ನೂರಾರು ವರ್ಷದಿಂದ ವಾದ ಇದೆ: ಹಿಂದುಳಿದ ಮಿದುಳು ಎದುರು ಬದಿಯಲ್ಲಿ ಸೆಳೆತಕ್ಕೆ ಸಿಗುತ್ತದೆ ಅನ್ನುವವರಿದ್ದಾರೆ, ಮುಂದಿನ ತಳದ ಮೂಳೆ ಉರುಟಾಗಿ ತುರಿಮಣೆಯ ಹಾಗಿದೆ, ಅದಕ್ಕೆ ಉಜ್ಜುತ್ತದೆ ಅನ್ನುವವರಿದ್ದಾರೆ. ವಾದ ಏನೇ ಇರಲಿ, ಇದು ಕಂಡರೆ ಚಲಿಸುತ್ತಿದ್ದ ತಲೆ ನಿಂತ ವಸ್ತುವಿಗೆ ತಾಗಿದೆ. ಅಂದರೆ ಬಿದ್ದಿದ್ದಾನೆ.

ಮರದ ಕೆಳಗೆ ಕಾದಿರುವವರ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ನನ್ನ ಹತ್ತಿರ ಬೇರೆ ಇಲ್ಲ. ಆದರೂ ಒಂದು ತೊಡಕು ಇದೆ. ಬಾರ್ ಮುಂದೆ ಜಗಳ, ಒಬ್ಬ ಇನ್ನೊಬ್ಬನ ದವಡೆಗೆ ಗುದ್ದಿದ, ಅವನು ಹಿಂದಕ್ಕೆ ಬಿದ್ದ, ತಲೆ ಚರಂಡಿ ಕಲ್ಲಿಗೆ ಬಡಿಯಿತು. ಮಿದುಳು ಹೇಳುವುದು “ಬಿದ್ದ” ಅಂತ. ದವಡೆಯ ಒಳಗೆ, ತುಟಿಯ ಒಳಮೈಯಲ್ಲಿ ಹಲ್ಲು ಒತ್ತಿದ ಸಣ್ಣ ಗಾಯ ಇರುತ್ತದೆ, ಅದು ಹೇಳುವುದು “ಹೊಡೆದ” ಅಂತ. ಎರಡೂ ನಿಜ. ನಾನು ತಲೆ ಮಾತ್ರ ನೋಡಿ ತುಟಿ ಮಗುಚಿ ನೋಡದಿದ್ದರೆ ಅರ್ಧ ಸತ್ಯ ಬರೆದ ಹಾಗಾಯಿತು. ಅದು ಕೊಲೆಯೋ, ಕೊಲೆಯಲ್ಲದ ನರಹತ್ಯೆಯೋ, ಬರೀ ಹಲ್ಲೆಯೋ ಅನ್ನುವುದು ನ್ಯಾಯಾಧೀಶರ ಪಾಲು. ಅದಕ್ಕೆ ಬೇಕಾದ ಎರಡೂ ಸಂಗತಿ ಒಂದೇ ವರದಿಯಲ್ಲಿ ಇರಬೇಕು.

ಇನ್ನೊಂದು ತಿರುಗುಮುರುಗು. ಬಿದ್ದು ರಕ್ತಸ್ರಾವ ಆಯಿತೋ, ರಕ್ತಸ್ರಾವ ಆಗಿ ಬಿದ್ದನೋ? ಬಿಪಿ ಮಾತ್ರೆ ನಿಲ್ಲಿಸಿದವರು ಬಚ್ಚಲಲ್ಲಿ ಬೀಳುತ್ತಾರೆ, ಹಣೆ ಒಡೆದಿರುತ್ತದೆ, ಆಸ್ತಿ ಜಗಳದ ಮನೆಯಾದರೆ ಸೊಸೆ ತಳ್ಳಿದಳು ಅಂತ ಸುದ್ದಿ. ಬಿಪಿಯ ರಕ್ತ ಮಿದುಳಿನ ಗರ್ಭದಲ್ಲಿ ಸೇರಿರುತ್ತದೆ, ಪೆಟ್ಟಿನ ರಕ್ತ ಹೆಚ್ಚಾಗಿ ಮೇಲ್ಮೈಯಲ್ಲಿ. ತಳದ ರಕ್ತನಾಳದಲ್ಲಿ ಹುಟ್ಟಿನಿಂದಲೇ ದುರ್ಬಲವಾದ ಜಾಗ ಕಾಲಕ್ರಮೇಣ ಗುಳ್ಳೆಯಾಗಿ ಉಬ್ಬಿ ಒಡೆದಿದ್ದರೆ, ನೀರು ಬಿಟ್ಟು ಹೆಪ್ಪನ್ನು ತೊಳೆದು ಕಡಲೆಕಾಳಿನಷ್ಟಿರುವ ಆ ಗುಳ್ಳೆಯನ್ನು ಹುಡುಕಬೇಕು. ತಾಳ್ಮೆಯ ಕೆಲಸ. ಒಬ್ಬ ಸೊಸೆ ಆ ಗುಳ್ಳೆಯಿಂದಾಗಿ ಮನೆಗೆ ಹೋದಳು.

ಈಗ ನೀವೆಲ್ಲ ನೆನಪಿಟ್ಟುಕೊಳ್ಳಲೇಬೇಕಾದ ಒಂದು ಭಾಗ. ಕಿವಿಯ ಸ್ವಲ್ಪ ಮುಂದೆ, ಮೇಲೆ ಬೆರಳಿಡಿ. ಅಲ್ಲಿ ಬುರುಡೆಯ ಮೂಳೆ ಎರಡು ಮೂರು ಮಿಲಿಮೀಟರ್ ಅಷ್ಟೇ ದಪ್ಪ. ಅದರ ಒಳಮೈಯಲ್ಲಿ ಗೀರು ಕೊರೆದ ಹಾಗೆ ಒಂದು ಕಾಲುವೆ, ಅದರಲ್ಲಿ ಒಂದು ರಕ್ತನಾಳ. ಮೂಳೆ ಬಿರುಕು ಬಿಟ್ಟರೆ ನಾಳ ಹರಿಯುತ್ತದೆ, ಮೂಳೆಗೂ ಮಿದುಳ ಪೊರೆಗೂ ನಡುವೆ ರಕ್ತ ತುಂಬುತ್ತಾ ಹೋಗುತ್ತದೆ. ಏಟು ತಿಂದವನು ಒಂದು ಕ್ಷಣ ಮಂಕಾಗುತ್ತಾನೆ, ಆಮೇಲೆ ಎದ್ದು ಕೂರುತ್ತಾನೆ. ಮಾತಾಡುತ್ತಾನೆ, ಟೀ ಕುಡಿಯುತ್ತಾನೆ, “ಏನಿಲ್ಲ ಬಿಡ್ರೋ” ಅಂತಾನೆ. ಒಂದೆರಡು ಗಂಟೆಯಲ್ಲಿ ತಲೆನೋವು, ವಾಂತಿ, ನಿದ್ದೆ. ಎಲ್ಲರಲ್ಲೂ ಈ ನಡುವಿನ ಚೆನ್ನಾದ ಹೊತ್ತು ಇರುವುದಿಲ್ಲ, ಅರ್ಧದಷ್ಟು ಜನರಲ್ಲೂ ಇಲ್ಲ. ಇದ್ದವರನ್ನು ಅದು ಮೋಸ ಮಾಡುತ್ತದೆ. ಬುರುಡೆ ಬಲೂನಲ್ಲ, ಹಿಗ್ಗುವುದಿಲ್ಲ. ರಕ್ತ ಬಂದಷ್ಟು ಮಿದುಳು ಜಾಗ ಬಿಡಬೇಕು, ಕೊನೆಗೆ ಕೆಳಗಿನ ತೂತಿನ ಕಡೆಗೆ ತಳ್ಳಿಕೊಂಡು ಹೋಗಿ ಉಸಿರಾಟದ ಕೇಂದ್ರವನ್ನೇ ಅದುಮುತ್ತದೆ. ಸುಮಾರು 100 ಮಿಲಿಲೀಟರ್ ಹೆಪ್ಪು ಸಾಕು, ಒಂದು ಸಣ್ಣ ಲೋಟ. ಸಮಯಕ್ಕೆ ಬುರುಡೆಗೆ ತೂತು ಮಾಡಿ ತೆಗೆದರೆ ಮನುಷ್ಯ ಎದ್ದು ಮನೆಗೆ ಹೋಗುತ್ತಾನೆ. ಮಿದುಳೊಳಗೆ ಬೇರೆ ಪೆಟ್ಟೇ ಇರುವುದಿಲ್ಲ ಎಷ್ಟೋ ಸಲ. ಅದಕ್ಕೇ ಈ ಹೆಪ್ಪು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಯಾರ ಮೇಲೆ ಸಿಟ್ಟು? “ಕುಡಿದಿದ್ದಾನೆ, ಮಲಗಲಿ, ಬೆಳಿಗ್ಗೆ ಸರಿ ಹೋಗ್ತಾನೆ” ಅನ್ನುವ ಮಾತಿನ ಮೇಲೆ. ಈ ಮಾತು ಮನೆಯವರು ಹೇಳುತ್ತಾರೆ, ಗೆಳೆಯರು ಹೇಳುತ್ತಾರೆ, ಠಾಣೆಯ ಬೆಂಚಿನ ಪಕ್ಕ ನಿಂತವರು ಹೇಳುತ್ತಾರೆ, ನಮ್ಮ ವೈದ್ಯರೂ ಹೇಳುತ್ತಾರೆ. ತೊದಲುವುದು, ತೂರಾಡುವುದು, ವಾಂತಿ, ಮಂಪರು: ಹೆಂಡದ ಲಕ್ಷಣಗಳೂ ಇವೇ, ತಲೆಯೊಳಗಿನ ರಕ್ತದ ಲಕ್ಷಣಗಳೂ ಇವೇ. ಹೆಂಡದ ವಾಸನೆ ಬಂತು ಅಂದರೆ ತಲೆಪೆಟ್ಟು ಇಲ್ಲ ಅಂತಲ್ಲ. ಕುಡಿದವನೇ ಹೆಚ್ಚು ಬೀಳುವವನು. ಜೋರಾಗಿ ಗೊರಕೆ ಹೊಡೆಯುತ್ತಿದ್ದಾನೆ, ಅಲ್ಲಾಡಿಸಿದರೆ ಏಳುತ್ತಿಲ್ಲ ಅಂದರೆ ಅದು ಸುಖನಿದ್ದೆಯಲ್ಲ. ಮೊಬೈಲ್ ಟಾರ್ಚ್ ಬಿಟ್ಟು ಕಣ್ಣು ನೋಡಿ. ಒಂದು ಕಣ್ಣಿನ ಪಾಪೆ ದೊಡ್ಡದು, ಇನ್ನೊಂದು ಸಣ್ಣದು ಅಂದರೆ ಹೊತ್ತು ಮೀರುತ್ತಿದೆ. ಕಿವಿ ಮೂಗಿನಿಂದ ನೀರಿನಂಥದ್ದು ತೊಟ್ಟಿಕ್ಕಿದರೂ ಹಾಗೇ. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್, ಬೆಂಗಳೂರಿಗೆ ಇನ್ನೂ 180ಕ್ಕೂ ಹೆಚ್ಚು. ಬೆಳಿಗ್ಗೆ ನೋಡೋಣ ಅನ್ನುವಷ್ಟು ಸಮಯ ಆ ದಾರಿಯಲ್ಲಿ ಇಲ್ಲ. ಅಪರಿಚಿತನನ್ನು ಸೇರಿಸಿದರೆ ಕೋರ್ಟು ಅಲೆಯಬೇಕು ಅನ್ನುವ ಹೆದರಿಕೆಯೂ ಬೇಡ, ರಸ್ತೆ ಅಪಘಾತದಲ್ಲಿ ನೆರವಾದವರನ್ನು ಕಾಪಾಡಲು ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಕಲಮು ಸೇರಿದೆ.

ವಯಸ್ಸಾದವರದು ಇನ್ನೂ ನಿಧಾನ. ಮಿದುಳು ಸ್ವಲ್ಪ ಸೊರಗಿರುತ್ತದೆ, ಅದರಿಂದ ಪೊರೆಗೆ ಹೋಗುವ ಸಣ್ಣ ನಾಳಗಳು ಬಿಗಿದ ತಂತಿಯ ಹಾಗಿರುತ್ತವೆ. ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಂಡರೂ ಒಂದು ಹರಿಯಬಹುದು, ರಕ್ತ ತೆಳುವಾಗುವ ಮಾತ್ರೆ ನುಂಗುವವರಾದರೆ ಇನ್ನೂ ಸುಲಭ. ರಕ್ತ ವಾರಗಟ್ಟಲೆ ಜಿನುಗುತ್ತದೆ. ಅಜ್ಜಿಗೆ ಮರೆವು, ಹೆಜ್ಜೆ ತಪ್ಪುತ್ತೆ, ವಯಸ್ಸಾಯಿತು ಬಿಡಿ ಅನ್ನುತ್ತಾರೆ. ತೆರೆದು ನೋಡಿದರೆ ಹಳೆ ಎಂಜಿನ್ ಆಯಿಲ್ ಥರದ ಕಪ್ಪು ನೀರು. ಬಿದ್ದದ್ದು ಯಾವಾಗ ಅಂತ ಕೇಳಿದರೆ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಇನ್ನು ರಸ್ತೆ. ಹಾಸನ ಜಿಲ್ಲೆಯವರಿಗೆ ನಾನು ರಸ್ತೆಯ ಸಾವಿನ ಬಗ್ಗೆ ಹೊಸದಾಗಿ ಹೇಳುವುದೇನು? ಬೆಂಗಳೂರು ಮಂಗಳೂರು ಹೆದ್ದಾರಿ ನಮ್ಮ ಊರುಗಳ ಮಧ್ಯೆಯೇ ಹಾದು ಶಿರಾಡಿಗೆ ಇಳಿಯುತ್ತದೆ. ಎರಡು ಸಂಗತಿ ಮಾತ್ರ. ಒಂದು, ಸುಗ್ಗಿಯಲ್ಲಿ ಡಾಂಬರಿನ ಮೇಲೆ ಹರಡಿದ ರಾಗಿ, ಹುರುಳಿ. ರೈತರಿಗೆ ಕಣ ಇಲ್ಲ, ಒಪ್ಪುತ್ತೇನೆ, ನಾನೂ ಒಕ್ಕಲು ಮನೆಯವನೇ. ಆದರೆ ಹುರುಳಿ ಸೊಪ್ಪಿನ ಮೇಲೆ ಬೈಕಿನ ಚಕ್ರ ಜಾರಿದರೆ ಬ್ರೇಕಿಗೂ ಕೆಲಸವಿಲ್ಲ. ಎರಡು, ಹಿಂದೆ ಒಂದೇ ಕಡೆ ಕಾಲು ಬಿಟ್ಟುಕೊಂಡು ಕೂತ ಹೆಣ್ಣುಮಕ್ಕಳು. ಕೈಯಲ್ಲಿ ಮಗು, ಮಡಿಲಲ್ಲಿ ಚೀಲ, ತಲೆಯಲ್ಲಿ ಹೆಲ್ಮೆಟ್ ಇಲ್ಲ. ಗುರುತಿಲ್ಲದ ಹಂಪ್ಸ್ ಬಂತು, ಗಾಡಿ ಹಾರಿತು, ಹಿಂದಕ್ಕೆ ಬಿದ್ದರು. ಹಿಂದಲೆ ಏಟು, ಮುಂದಿನ ಮಿದುಳು ಜಜ್ಜು, ಆಗಲೇ ಹೇಳಿದ ಅದೇ ನಕ್ಷೆ. ಗಂಡನಿಗೆ ಮೊಣಕೈ ತರಚು ಅಷ್ಟೇ. ಅವನು ಮರದ ಕೆಳಗೆ ಕೂತಿರುತ್ತಾನೆ, ಹೆಂಡತಿಯ ತವರಿನವರು ಅವನನ್ನೇ ನೋಡುತ್ತಿರುತ್ತಾರೆ. ಅಂಥ ದಿನ ಆ ನಕ್ಷೆಯನ್ನು ಸ್ಪಷ್ಟವಾಗಿ ಬರೆದುಕೊಡುವುದು ಬದುಕಿರುವವನಿಗೂ ಬೇಕು.

ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ, ಆದರೂ ಕಣ್ಣು ತೆರೆಯದೆ ಹೋದ ಅನ್ನುವ ದೂರು ತುಂಬ ಕೇಳುತ್ತೇನೆ. ತಲೆ ರಭಸದಿಂದ ತಿರುಗಿದಾಗ ಮಿದುಳಿನ ಒಳಗಿನ ನರದ ಎಳೆಗಳೇ ಅಲ್ಲಲ್ಲಿ ಹರಿಯುತ್ತವೆ. ಬರಿಗಣ್ಣಿಗೂ ಸಿಟಿ ಸ್ಕ್ಯಾನಿಗೂ ಕಾಣದೆ ಇರಬಹುದು. 1956ರಲ್ಲಿ ಸಬೀನಾ ಸ್ಟ್ರಿಚ್ ಅನ್ನುವ ವೈದ್ಯೆ ಸೂಕ್ಷ್ಮದರ್ಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಸ್ಕ್ಯಾನ್ ಮಾಡಿದವರು ಸುಳ್ಳು ಹೇಳಿದ್ದಾರೆ ಅಂತ ಜಗಳಕ್ಕೆ ಹೋಗುವ ಮುಂಚೆ ಇದೊಂದು ಗೊತ್ತಿರಲಿ.

ಪೋಸ್ಟ್‌ಮಾರ್ಟಂ ಬಗ್ಗೆ ಹೇಳದೆ ಹೋದರೆ ಆಗುವುದಿಲ್ಲ. “ತಲೆ ಮಾತ್ರ ಒಡೀಬೇಡಿ ಸಾ, ಮುಖ ನೋಡ್ಬೇಕು” ಅಂತ ಕಾಲು ಹಿಡಿಯುತ್ತಾರೆ. ಮುಖಕ್ಕೆ ನಾವು ಕತ್ತಿ ತಾಗಿಸುವುದಿಲ್ಲ. ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ಹಿಂದಕ್ಕೆ ಒಂದೇ ಗೆರೆ. ಚರ್ಮವನ್ನು ಮುಂದಕ್ಕೂ ಹಿಂದಕ್ಕೂ ಸರಿಸಿ, ಬುರುಡೆಯ ಮೇಲ್ಭಾಗವನ್ನು ಮುಚ್ಚಳದ ಹಾಗೆ ಗರಗಸದಿಂದ ಬಿಡಿಸಿ, ನೋಡಿ, ಮತ್ತೆ ಕೂರಿಸಿ ಹೊಲಿಯುತ್ತೇವೆ. ಕೂದಲು ಬಾಚಿದರೆ ಹೊಲಿಗೆ ಮುಚ್ಚುತ್ತದೆ, ಹೆಂಗಸರಿಗೆ ಹೂ ಮುಡಿಸಬಹುದು. ನಮ್ಮ ಸಹಾಯಕರು ಆ ಹೊಲಿಗೆಯನ್ನು ಎಷ್ಟು ನೀಟಾಗಿ ಹಾಕುತ್ತಾರೆ ಅಂದರೆ, ಬದುಕಿದವರಿಗೂ ಅಷ್ಟು ಚೆನ್ನಾಗಿ ಹಾಕುವುದಿಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಸೂರ್ಯ ಮುಳುಗಿದ ಮೇಲೆ ಪೋಸ್ಟ್‌ಮಾರ್ಟಂ ಮಾಡುತ್ತಾರಾ ಅಂತ ಒಬ್ಬರು ಕೇಳಿದರು. 2021ರ ನವೆಂಬರಿನಿಂದ ಕೇಂದ್ರದ ಒಪ್ಪಿಗೆ ಇದೆ, ಸೌಲಭ್ಯ ಇರುವ ಕಡೆ. ಆದರೆ ಕೊಲೆ, ಆತ್ಮಹತ್ಯೆ, ಅನುಮಾನದ ಸಾವುಗಳನ್ನು ಸಾಮಾನ್ಯವಾಗಿ ಬೆಳಕಿನಲ್ಲೇ ಮಾಡಬೇಕು. ನಾನು ಹೇಳಿದ ತಲೆಪೆಟ್ಟಿನ ಕೇಸುಗಳಲ್ಲಿ ಅನುಮಾನ ಇಲ್ಲದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಕೊನೆಯ ಸಾಲಿನಲ್ಲಿದ್ದ ಒಬ್ಬ ಮೆಕ್ಯಾನಿಕ್ ಹುಡುಗ ಎದ್ದು ಕೇಳಿದ, “ಸಾರ್, ಒಂದ್ಸಲ ಬಿದ್ದ ಹೆಲ್ಮೆಟ್ ಮತ್ತೆ ಹಾಕಬಹುದಾ?” ಹಾಕಬಾರದು ಅಂದೆ. ಒಳಗಿರುವ ಥರ್ಮಾಕೋಲ್ ಒಂದು ಸಲ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ, ಹೊರಗಿನ ಬಣ್ಣ ಹೊಸದಾಗಿ ಕಂಡರೂ. ಅರ್ಧ ತಲೆಯ ಟೋಪಿ, ಗಲ್ಲದ ಪಟ್ಟಿ ಕಟ್ಟದ ಹೆಲ್ಮೆಟ್, ಇವು ಏಟಿಗೆ ಮುಂಚೆಯೇ ಹಾರಿಹೋಗಿರುತ್ತವೆ. ಲಾರೆನ್ಸ್ ಆಫ್ ಅರೇಬಿಯಾ ಅಂತ ಹೆಸರಾದ ಟಿ.ಇ. ಲಾರೆನ್ಸ್ 1935ರಲ್ಲಿ ಬೈಕಿನಿಂದ ಬಿದ್ದು ತಲೆಪೆಟ್ಟಿನಿಂದ ಸತ್ತಾಗ ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. 1941ರಲ್ಲಿ ಅವರು ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ನೋಡಿ ಹೆಲ್ಮೆಟ್ ಬೇಕು ಅಂತ ಬರೆದರು. ಆಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಸಾವು ಸುಮಾರು ಶೇ. 42, ತಲೆಪೆಟ್ಟು ಸುಮಾರು ಶೇ. 69 ಕಡಿಮೆ.

ಆ ಹುಡುಗ ಇನ್ನೊಂದು ಕೇಳಿದ: “ಹಂಗಾದ್ರೆ ಆಕ್ಸಿಡೆಂಟ್ ಆದ ಹೆಲ್ಮೆಟ್ ಏನು ಮಾಡ್ಬೇಕು?” ಒಳ್ಳೆ ಪ್ರಶ್ನೆ, ನಾನೇ ಹೇಳಲು ಮರೆತಿದ್ದೆ. ಬೈಕು ಠಾಣೆಗೆ ಹೋಗುತ್ತದೆ, ಹೆಣ ನಮ್ಮ ಹತ್ತಿರ ಬರುತ್ತದೆ, ಹೆಲ್ಮೆಟ್ ಮಾತ್ರ ಅಲ್ಲೇ ರಸ್ತೆ ಪಕ್ಕದ ಬೇಲಿಗೂಟಕ್ಕೆ ನೇತಾಡುತ್ತಿರುತ್ತದೆ. ಅದರ ಮೇಲಿನ ಗೀರು ಯಾವ ದಿಕ್ಕಿಗಿದೆ, ಒಳಗೆ ಎಲ್ಲಿ ಜಜ್ಜಿದೆ, ಪಟ್ಟಿಯ ಬಕಲ್ ಹಾಕಿತ್ತೋ ಇಲ್ಲವೋ, ಅದನ್ನು ಬುರುಡೆಯ ಬಿರುಕಿನ ಪಕ್ಕ ಇಟ್ಟು ನೋಡಬೇಕು ನಾನು. ಅದನ್ನು ಒಂದು ಕಾಗದದ ಚೀಲಕ್ಕೆ ಹಾಕಿ ಪೊಲೀಸರ ಕೈಗೆ ಕೊಡು ಮಾರಾಯ, ಪ್ಲಾಸ್ಟಿಕ್ ಕವರಿಗೆ ಬೇಡ, ರಕ್ತ ಕೊಳೆಯುತ್ತದೆ ಅಂದೆ.